ನಕ್ಷೆಯೂ ನ್ಯಾಯವೂ
(ಉಪಾಧ್ಯಾಯ ಶಿಕ್ಷಣದಲ್ಲಿ ನಕ್ಷೆ ಬರೆಯುವ ಅಭ್ಯಾಸವನ್ನು ಕುರಿತು)
— ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿನಿ

ಕಳೆದ ವರ್ಷ ಭೂಗೋಳದ ಪ್ರಾಯೋಗಿಕ ತರಗತಿಯಲ್ಲಿ ನಮ್ಮ ಅಧ್ಯಾಪಕರು ಒಂದು ಸುಲಭವಾದ ಕೆಲಸವನ್ನು ಕೊಟ್ಟರು. ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ನಕ್ಷೆಯನ್ನು ಪುಸ್ತಕ ನೋಡದೆ, ನೆನಪಿನಿಂದಲೇ ಬರೆದು ತರಬೇಕು ಎಂಬುದೇ ಆ ಕೆಲಸ. ನಾನು ಉತ್ಸಾಹದಿಂದ ಬರೆದೆ. ದೇವಸ್ಥಾನ, ಅರಳಿಕಟ್ಟೆ, ಪಂಚಾಯಿತಿ ಕಚೇರಿ, ಹಾಲಿನ ಡೈರಿ, ಪ್ರಾಥಮಿಕ ಶಾಲೆ, ಕೆರೆಯ ಏರಿ, ಬಸ್ಸು ನಿಲ್ಲುವ ಸ್ಥಳ ಇವೆಲ್ಲವನ್ನೂ ಬಣ್ಣದ ಪೆನ್ಸಿಲಿನಿಂದ ಗುರುತಿಸಿದೆ. ಊರೊಳಗಿನ ಮನೆಗಳನ್ನು ಒಂದೊಂದಾಗಿ ಚೌಕಗಳಲ್ಲಿ ತೋರಿಸಿದೆ. ಅಧ್ಯಾಪಕರು ಅದನ್ನು ನೋಡಿ, “ಚೆನ್ನಾಗಿದೆ. ನಿಮ್ಮ ಮನೆ ಎಲ್ಲಿದೆಯಮ್ಮ?” ಎಂದು ಕೇಳಿದರು. ನಾನು ಕಾಗದದ ಕೆಳಮೂಲೆಯಲ್ಲಿದ್ದ ಒಂದು ಚೌಕವನ್ನು ತೋರಿಸಿದೆ. ಅದರ ಮೇಲೆ ‘ಕಾಲೋನಿ’ ಎಂದು ಬರೆದಿದ್ದೆ. ಅರವತ್ತಕ್ಕೆ ಕಡಿಮೆಯಿಲ್ಲದ ಮನೆಗಳಿರುವ ನಮ್ಮ ಕೇರಿ ಆ ಒಂದೇ ಚೌಕದಲ್ಲಿ ಅಡಗಿತ್ತು. ಊರೊಳಗೆ ಯಾರ ಮನೆ ಎಲ್ಲಿದೆಯೆಂದು ತೋರಿಸಿದ್ದ ನಾನು ನನ್ನ ಮನೆಯನ್ನು ತೋರಿಸಿರಲಿಲ್ಲ.

ಅಧ್ಯಾಪಕರು ಮುಂದೆ ಏನೂ ಹೇಳಲಿಲ್ಲ. ಅಂಕವನ್ನೂ ಕಡಿಮೆ ಮಾಡಲಿಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನನಗೆ ಹಾಗೆ ಬರೆಯಲು ಯಾರೂ ಕಲಿಸಿರಲಿಲ್ಲ. ಹಾಗೆ ಬರೆಯಬಾರದೆಂದೂ ಯಾರೂ ಕಲಿಸಿರಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಮುಂದೆ ಬಿ.ಎಡ್. ಮಾಡಿ ಉಪಾಧ್ಯಾಯಿನಿಯಾಗಬೇಕೆಂಬುದು ನನ್ನ ಆಸೆ. ಈ ತರಗತಿಯಲ್ಲಿರುವ ಅನೇಕ ಸ್ನೇಹಿತರ ಆಸೆಯೂ ಅದೇ ಆಗಿದೆ. ನಾಳೆ ನಾನು ಮಕ್ಕಳಿಗೆ ‘ನಮ್ಮ ಊರು’ ಎಂಬ ಪಾಠವನ್ನು ಹೇಳಿಕೊಡುವಾಗ ಅವರೂ ತಮ್ಮ ಮನೆಯನ್ನು ಬಿಟ್ಟು ಊರನ್ನು ಬರೆಯುವಂತಾದರೆ ಆ ತಪ್ಪು ಯಾರದು? ಈ ಯೋಚನೆಯಿಂದ ಹುಟ್ಟಿದ್ದು ಈ ಲೇಖನ.

ಸ್ಥಳನ್ಯಾಯವೆಂದರೇನು?

ವಿದ್ವಾಂಸರು ‘ಸ್ಪೇಷಿಯಲ್ ಜಸ್ಟಿಸ್’ ಎಂದು ಕರೆಯುವುದನ್ನು ನಾನು ಇಲ್ಲಿ ‘ಸ್ಥಳನ್ಯಾಯ’ ಎಂದು ಕರೆದಿದ್ದೇನೆ. ಸಮಾಜದಲ್ಲಿ ಸಿಗುವ ಅನುಕೂಲಗಳೂ ಹೊರಬೇಕಾದ ಕಷ್ಟಗಳೂ ನೆಲದ ಮೇಲೆ ಹೇಗೆ ಹಂಚಿಹೋಗಿವೆ, ಆ ಹಂಚಿಕೆ ಸರಿಯಾಗಿದೆಯೆ ಎಂದು ಕೇಳುವುದೇ ಇದರ ಸಾರ. ಶಾಲೆ ಯಾರ ಮನೆಗೆ ಹತ್ತಿರ? ಕಸದ ಗುಂಡಿ ಯಾರ ಮನೆಗೆ ಹತ್ತಿರ? ಎರಡು ಪ್ರಶ್ನೆಗೂ ಉತ್ತರ ಒಂದೇ ಆಗಿರುವುದಿಲ್ಲ. ಬೆಟ್ಟ, ಹೊಳೆಗಳು ಪ್ರಕೃತಿಯ ಕೊಡುಗೆ. ಆದರೆ ಹೊಳೆಗೆ ಸೇತುವೆ ಎಲ್ಲಿ ಕಟ್ಟಬೇಕು, ರಸ್ತೆ ಎಲ್ಲಿಗೆ ನಿಲ್ಲಬೇಕು ಎಂಬುದು ಮನುಷ್ಯರು ಕೂತು ಮಾಡಿದ ತೀರ್ಮಾನ. ಮನುಷ್ಯರು ಮಾಡಿದ್ದಾದುದರಿಂದ ಅದನ್ನು ನ್ಯಾಯ ಅನ್ಯಾಯಗಳ ತಕ್ಕಡಿಯಲ್ಲಿಟ್ಟು ತೂಗಬಹುದು.

ಫ್ರಾನ್ಸಿನ ಆಂರಿ ಲೆಫೆವ್ರ್ 1968ರಲ್ಲಿ ನಗರದ ಮೇಲೆ ಅಲ್ಲಿ ವಾಸಿಸುವವರಿಗೆಲ್ಲ ಹಕ್ಕಿದೆಯೆಂದು ವಾದಿಸಿದರು. 1973ರಲ್ಲಿ ಡೇವಿಡ್ ಹಾರ್ವೆಯವರು ಸಾಮಾಜಿಕ ನ್ಯಾಯವನ್ನೂ ನಗರವನ್ನೂ ಒಟ್ಟಿಗಿಟ್ಟು ಒಂದು ಗ್ರಂಥವನ್ನು ಬರೆದರು. ಎಡ್ವರ್ಡ್ ಸೋಜಾ ಎಂಬ ಅಮೆರಿಕದ ಭೂಗೋಳಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಲಾಸ್ ಏಂಜಲೀಸ್ ನಗರದ ಬಸ್ ಪ್ರಯಾಣಿಕರ ಹೋರಾಟವನ್ನು ಮುಖ್ಯ ಉದಾಹರಣೆಯಾಗಿ ಕೊಟ್ಟಿದ್ದಾರೆ. ಆ ನಗರದ ಸಾರಿಗೆ ಆಡಳಿತ ದೂರದ ಬಡಾವಣೆಗಳಿಗೆ ರೈಲು ಹಾಕಲು ಹೇರಳವಾಗಿ ಹಣ ಸುರಿಯುತ್ತಿತ್ತು; ಬಡವರು ಹತ್ತುವ ಬಸ್ಸುಗಳೋ ಕಿಕ್ಕಿರಿದು ಹೋಗುತ್ತಿದ್ದವು. 1994ರಲ್ಲಿ ಪ್ರಯಾಣಿಕರು ನ್ಯಾಯಾಲಯಕ್ಕೆ ಹೋದರು. 1996ರಲ್ಲಿ ಬಸ್ಸುಗಳನ್ನು ಹೆಚ್ಚಿಸಿ ನೂಕುನುಗ್ಗಲನ್ನು ತಗ್ಗಿಸಬೇಕೆಂಬ ಒಪ್ಪಂದಕ್ಕೆ ನ್ಯಾಯಾಲಯದ ಮುದ್ರೆ ಬಿದ್ದಿತು. ಬಸ್ಸು ಎಲ್ಲಿ ಓಡುತ್ತದೆ ಎಂಬುದು ನ್ಯಾಯದ ಪ್ರಶ್ನೆಯೆಂದು ಅಲ್ಲಿ ಸಿದ್ಧವಾಯಿತು.

ಆದರೆ ಈ ವಿಚಾರವನ್ನು ತಿಳಿಯಲು ನಾವು ಅಷ್ಟು ದೂರ ಹೋಗಬೇಕಾದ್ದಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಅವರು ಮಹಾಡಿನ ಚವದಾರ್ ಕೆರೆಗೆ ಸಾವಿರಾರು ಜನರೊಡನೆ ನಡೆದುಹೋಗಿ ನೀರು ಮುಟ್ಟಿದರು. ಕೆರೆ ಎಲ್ಲರಿಗೂ ತೆರೆದಿದೆಯೆಂದು ಪುರಸಭೆ ಆಗಲೇ ನಿರ್ಣಯ ಮಾಡಿತ್ತು. ಆದರೂ ಕೆಲವರಿಗೆ ಆ ಕೆರೆ ದೂರವಾಗಿಯೇ ಇದ್ದಿತು. ಅಳತೆಯ ಪಟ್ಟಿಗೆ ಸಿಗದ ದೂರವೂ ಒಂದುಂಟೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪಾಠ ಬೇರೊಂದಿಲ್ಲ.

ನಮ್ಮ ರಾಜ್ಯದಲ್ಲಿಯೇ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಆಗ ಇದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದು ಅದು ಎಣಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಗುಲ್ಬರ್ಗಾ ವಿಭಾಗಕ್ಕೆ ಸೇರಿದವು. ಈ ಅಂಕಿಗಳನ್ನು ಪಟ್ಟಿಯಾಗಿ ಓದಿದರೆ ಬೇಗ ಮರೆತುಹೋಗುತ್ತವೆ. ರಾಜ್ಯದ ನಕ್ಷೆಯಲ್ಲಿ ಬಣ್ಣ ತುಂಬಿ ನೋಡಿದರೆ ಈಶಾನ್ಯದ ಮೂಲೆ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ನಕ್ಷೆಯ ಶಕ್ತಿ ಇರುವುದು ಇಲ್ಲಿಯೇ.

ಹಳೆಯ ನಕ್ಷೆಗಳು ಕಲಿಸುವ ಪಾಠ

ನಕ್ಷೆಯನ್ನು ನ್ಯಾಯಕ್ಕಾಗಿ ಬಳಸಿದವರೂ ಉಂಟು; ಅನ್ಯಾಯಕ್ಕೆ ಬಳಸಿದವರೂ ಉಂಟು. ಉಪಾಧ್ಯಾಯರಾಗುವವರು ಎರಡನ್ನೂ ಅರಿಯುವುದು ಒಳ್ಳೆಯದು.

1854ರಲ್ಲಿ ಲಂಡನ್ನಿನ ಸೋಹೋ ಪ್ರದೇಶದಲ್ಲಿ ಕಾಲರಾ ಹರಡಿ 600ಕ್ಕೂ ಹೆಚ್ಚು ಮಂದಿ ಸತ್ತರು. ಕೆಟ್ಟ ಗಾಳಿಯಿಂದ ಈ ರೋಗ ಬರುತ್ತದೆಂದು ಆಗಿನವರ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯರು ಸತ್ತವರ ಮನೆಗಳನ್ನು ಬೀದಿಯ ನಕ್ಷೆಯಲ್ಲಿ ಗೆರೆಗಳಿಂದ ಗುರುತಿಸಿದರು. ಗೆರೆಗಳು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದವು. ಇದಕ್ಕಿಂತ ಸ್ವಾರಸ್ಯವಾದದ್ದು, ಗೆರೆಗಳಿಲ್ಲದ ಕಡೆ ಏಕೆ ಇಲ್ಲವೆಂದು ಅವರು ಕೇಳಿದ್ದು. ಪಂಪಿನ ಹತ್ತಿರವೇ ಇದ್ದ ಬಡವರ ಆಶ್ರಯಶಾಲೆಯಲ್ಲಿ 535 ಮಂದಿ ಇದ್ದರು. ಸತ್ತವರು 5 ಮಂದಿ ಮಾತ್ರ. ಅವರಿಗೆ ಬೇರೆ ಬಾವಿಯಿತ್ತು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಕೂಲಿಕಾರರಲ್ಲಿ ಒಬ್ಬರೂ ಸಾಯಲಿಲ್ಲ. ಅವರು ಆ ಪಂಪಿನ ನೀರನ್ನು ಕುಡಿಯುತ್ತಿರಲಿಲ್ಲ. ಪಂಪಿನ ಹಿಡಿಯನ್ನು ತೆಗೆಸುವ ಹೊತ್ತಿಗೆ ರೋಗ ಆಗಲೇ ಇಳಿಮುಖವಾಗಿತ್ತೆಂಬುದೂ, ಪ್ರಸಿದ್ಧವಾದ ಆ ನಕ್ಷೆ ಅನಂತರ ಸಿದ್ಧವಾದದ್ದೆಂಬುದೂ ನಿಜ. ಆದರೂ ನೀರಿನಿಂದ ರೋಗ ಹರಡುತ್ತದೆಂಬ ವಾದಕ್ಕೆ ಅದು ಬಲ ಕೊಟ್ಟಿತು. ನಕ್ಷೆಯಲ್ಲಿ ಖಾಲಿಯಾಗಿ ಕಾಣುವ ಜಾಗವನ್ನೂ ಓದಬೇಕೆಂಬುದು ಇದರಿಂದ ಕಲಿಯುವ ಮೊದಲ ಪಾಠ.

ಎರಡನೆಯದು ಚಾರ್ಲ್ಸ್ ಬೂತ್ ಎಂಬ ಹಡಗು ವ್ಯಾಪಾರಿಯ ಕೆಲಸ. ಲಂಡನ್ನಿನಲ್ಲಿ ಎಷ್ಟು ಮಂದಿ ಬಡವರೆಂದು ತಿಳಿಯಲು ಆತ ತನ್ನ ಹಣದಿಂದಲೇ ತನಿಖೆ ನಡೆಸಿ, 1889ರಿಂದ ಪ್ರಕಟಿಸಿದ ನಕ್ಷೆಗಳಲ್ಲಿ ಬೀದಿಬೀದಿಗೂ 7 ಬಣ್ಣಗಳಲ್ಲಿ ಒಂದನ್ನು ಬಳಿದನು. ನಗರದ ಜನರಲ್ಲಿ ನೂರಕ್ಕೆ 30 ಮಂದಿ ಬಡತನದಲ್ಲಿರುವರೆಂದು ಕಂಡುಬಂದಿತು. ಈ ವಿವರಗಳನ್ನು ಆತನಿಗೆ ಒದಗಿಸಿದವರಲ್ಲಿ ಮುಖ್ಯರಾದವರು ಮಕ್ಕಳು ಶಾಲೆಗೆ ಬರುವರೋ ಇಲ್ಲವೋ ಎಂದು ಮನೆಮನೆಗೆ ಹೋಗಿ ನೋಡುತ್ತಿದ್ದ ಶಾಲಾಮಂಡಲಿಯ ನೌಕರರು. ಊರಿನ ಬಡತನವನ್ನು ಶಾಲೆಯವರಿಗಿಂತ ಹತ್ತಿರದಿಂದ ನೋಡುವವರು ಕಡಿಮೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಬೂತನ ನಕ್ಷೆಯಲ್ಲಿ ಒಂದು ದೋಷವೂ ಇತ್ತು. ಕಡುಬಡವರ ಬೀದಿಗಳಿಗೆ ಕಪ್ಪು ಬಣ್ಣವನ್ನು ಕೊಟ್ಟು, ಅವರು ದುಷ್ಟರು, ಅರೆ ಅಪರಾಧಿಗಳು ಎಂಬ ಅರ್ಥದ ವಿವರಣೆಯನ್ನು ಸೂಚಿಯಲ್ಲಿ ಸೇರಿಸಿದನು. ಹಸಿವನ್ನು ಅಳೆಯಹೋದವನು ಗುಣಕ್ಕೂ ಅಂಕ ಹಾಕಿದನು. ಸೂಚಿಯಲ್ಲಿ ಬಳಸುವ ಮಾತು ನಕ್ಷೆಯಷ್ಟೇ ಮುಖ್ಯವೆಂಬುದು ಎರಡನೆಯ ಪಾಠ.

ಮೂರನೆಯದು ಇನ್ನೂ ಕಠಿಣವಾದುದು. 1933ರಲ್ಲಿ ಅಮೆರಿಕದಲ್ಲಿ ಗೃಹಸಾಲಕ್ಕಾಗಿ ಸ್ಥಾಪಿತವಾದ ಒಂದು ಸರಕಾರೀ ನಿಗಮ 200ಕ್ಕೂ ಹೆಚ್ಚು ನಗರಗಳ ಬಡಾವಣೆಗಳನ್ನು ಹಸಿರು, ನೀಲಿ, ಹಳದಿ, ಕೆಂಪು ಎಂದು ನಾಲ್ಕು ದರ್ಜೆಗಳಾಗಿ ವಿಂಗಡಿಸಿತು. ಕರಿಯ ಜನರು ವಾಸವಾಗಿದ್ದ ಬಡಾವಣೆಗಳು ಬಹುತೇಕ ಎಲ್ಲವೂ ‘ಅಪಾಯ’ ಎಂಬ ಕೆಂಪು ದರ್ಜೆಗೆ ಬಿದ್ದವು. ಅಂಥ ಕಡೆ ಮನೆ ಕಟ್ಟಲು ಸಾಲ ಸಿಗದಂತೆ ಮಾಡುವ ಪದ್ಧತಿಗೆ ‘ಕೆಂಪು ಗೆರೆ ಎಳೆಯುವುದು’ ಎಂಬ ಹೆಸರೇ ನಿಂತಿತು. 1968ರ ಕಾಯಿದೆ ಅದನ್ನು ನಿಷೇಧಿಸಿತು. ಇರುವ ತಾರತಮ್ಯವನ್ನು ತೋರಿಸುವ ನಕ್ಷೆಯೇ ಅದಕ್ಕೆ ಮೊಹರು ಹಾಕಿಬಿಡಬಹುದು ಎಂಬುದು ಇದರ ಪಾಠ.

ನಾಲ್ಕನೆಯದು ಈಚಿನದು. ಅಮೆರಿಕದ ಓಹಿಯೋ ರಾಜ್ಯದ ಜೇನ್ಸ್‌ವಿಲ್ ನಗರದ ಅಂಚಿನಲ್ಲಿ ಕೋಲ್ ರನ್ ಎಂಬ ಬಡಾವಣೆಯುಂಟು. ಅಲ್ಲಿಯ ಕರಿಯ ಕುಟುಂಬಗಳಿಗೆ ಸುಮಾರು 50 ವರ್ಷಗಳವರೆಗೆ ಸಾರ್ವಜನಿಕ ಕೊಳವೆಯ ನೀರು ಬರಲಿಲ್ಲ. ಸುತ್ತಲಿನ ಬಿಳಿಯರ ಮನೆಗಳಿಗೆ ಬಂದಿತ್ತು. ಕೊಳವೆ ಎಲ್ಲಿಯವರೆಗೆ ಹೋಗಿದೆ, ಯಾರ ಮನೆಗೆ ನೀರಿದೆ, ಯಾರ ಮನೆಗಿಲ್ಲ ಎಂಬುದನ್ನು ಒಂದೇ ನಕ್ಷೆಯಲ್ಲಿ ತೋರಿಸಿದಾಗ ವಿವರಣೆ ಬೇಕಾಗಲಿಲ್ಲ. 2008ರಲ್ಲಿ ನ್ಯಾಯಾಲಯದ ಪಂಚರು 67 ಮಂದಿಗೆ ಒಟ್ಟು ಸುಮಾರು 1 ಕೋಟಿ 9 ಲಕ್ಷ ಡಾಲರುಗಳ ಪರಿಹಾರವನ್ನು ಕೊಡಿಸಿದರು. ಬಾಯಿಮಾತಿನಲ್ಲಿ ‘ನಮಗೆ ನೀರಿಲ್ಲ’ ಎಂದಾಗ ಅದು ಗೊಣಗಾಟ. ನಕ್ಷೆಯಲ್ಲಿ ತೋರಿಸಿದಾಗ ಅದು ಸಾಕ್ಷ್ಯ.

ಉಪಾಧ್ಯಾಯರಿಗೆ ಇದೇಕೆ ಬೇಕು?

ಭೂಗೋಳ ಹೇಳಿಕೊಡುವವರಿಗೆ ಮಾತ್ರ ಇದು ಸಾಲದೆ, ಗಣಿತದ ಉಪಾಧ್ಯಾಯರಿಗೂ ಕನ್ನಡದ ಉಪಾಧ್ಯಾಯರಿಗೂ ಇದೇಕೆ ಎಂದು ಕೆಲವರು ಕೇಳಬಹುದು. ಉತ್ತರ ಹಾಜರಿ ಪುಸ್ತಕದಲ್ಲಿದೆ. ಮಗು ತಡವಾಗಿ ಬಂದರೆ, ಮೂರು ದಿನ ಬಾರದಿದ್ದರೆ, ಮಳೆಗಾಲದಲ್ಲಿ ಪೂರ್ತಿ ನಿಂತುಹೋದರೆ ನಾವು ಅದನ್ನು ಮಗುವಿನ ಸೋಮಾರಿತನವೆನ್ನುತ್ತೇವೆ, ಇಲ್ಲವೆ ತಂದೆತಾಯಿಗಳ ಅಜ್ಞಾನವೆನ್ನುತ್ತೇವೆ. ಅದು ದಾರಿಯ ದೋಷವಿರಬಹುದೆಂದು ಯೋಚಿಸುವವರು ವಿರಳ.

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯೂ ಅದರ ಕೇಂದ್ರ ನಿಯಮಗಳೂ 1ರಿಂದ 5ನೆಯ ತರಗತಿಯ ಮಕ್ಕಳಿಗೆ 1 ಕಿಲೋಮೀಟರಿನೊಳಗೆ, 6ರಿಂದ 8ನೆಯ ತರಗತಿಯವರಿಗೆ 3 ಕಿಲೋಮೀಟರಿನೊಳಗೆ ಶಾಲೆಯಿರಬೇಕೆಂದು ಹೇಳಿದವು. ಸ್ಥಳನ್ಯಾಯವನ್ನು ಇಷ್ಟು ಸ್ಪಷ್ಟವಾಗಿ ಅಳತೆಯಲ್ಲಿ ಬರೆದ ಕಾನೂನುಗಳು ಹೆಚ್ಚಿಲ್ಲ. ಆದರೆ ಕಾಗದದ ಮೇಲೆ ಕಂಪಾಸಿನಿಂದ ಎಳೆದ 1 ಕಿಲೋಮೀಟರಿನ ವೃತ್ತದೊಳಗೆ ಹಳ್ಳವೊಂದು ಹರಿಯುತ್ತಿದ್ದು, ಸೇತುವೆ ಬಳಸಿ ಬರಬೇಕಾದರೆ ಮಗು ನಡೆಯುವುದು ಎರಡು ಕಿಲೋಮೀಟರು. ಹಕ್ಕಿಯ ದೂರ ಬೇರೆ, ಕಾಲಿನ ದೂರ ಬೇರೆ.

ಹುಡುಗಿಯರ ದೂರ ಮತ್ತೊಂದು. ಬಿಹಾರದಲ್ಲಿ 2006ರಲ್ಲಿ ಹೈಸ್ಕೂಲಿನ ಹುಡುಗಿಯರಿಗೆ ಬೈಸಿಕಲ್ಲಿಗಾಗಿ ಹಣ ಕೊಡುವ ಯೋಜನೆ ಆರಂಭವಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಪರೀಕ್ಷಿಸಿ, ಹುಡುಗಿಯರ ದಾಖಲಾತಿ ಏರಿತೆಂದೂ, ಶಾಲೆ 3 ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿಯೇ ಈ ಏರಿಕೆ ಹೆಚ್ಚೆಂದೂ ತೋರಿಸಿದರು. ಕರ್ನಾಟಕದಲ್ಲಿಯೂ 2006-07ರಲ್ಲಿ 8ನೆಯ ತರಗತಿಯವರಿಗೆ ಬೈಸಿಕಲ್ ಕೊಡುವ ಯೋಜನೆ ಆರಂಭವಾಯಿತು. ಅದರ ಫಲವನ್ನು ಪಡೆದವರಲ್ಲಿ ನಾನೂ ಒಬ್ಬಳು. ಆದರೆ ನನ್ನ ಅಕ್ಕನಿಗೂ ಬೈಸಿಕಲ್ ಬಂದಿತ್ತು. ಅವಳು ಅದೇ ವರ್ಷ ಶಾಲೆ ಬಿಟ್ಟಳು. ನಮ್ಮೂರಿನಿಂದ ಹೈಸ್ಕೂಲಿಗೆ ಹೋಗುವ ದಾರಿಯಲ್ಲಿ ಕಬ್ಬಿನ ಗದ್ದೆಗಳ ನಡುವೆ ಹಾದುಹೋಗುವ ಒಂದು ಭಾಗವುಂಟು. ಕಬ್ಬು ಆಳೆತ್ತರ ಬೆಳೆದ ಮೇಲೆ, ಬೇಗ ಕತ್ತಲಾಗುವ ತಿಂಗಳುಗಳಲ್ಲಿ, ಒಬ್ಬಳೇ ಹುಡುಗಿಯನ್ನು ಆ ದಾರಿಯಲ್ಲಿ ಕಳುಹಿಸಲು ಅಪ್ಪ ಒಪ್ಪಲಿಲ್ಲ. ನಾನು ಸೇರಿದ ವರ್ಷ ಕೇರಿಯಿಂದ ಇನ್ನಿಬ್ಬರು ಹುಡುಗಿಯರು ಸೇರಿದ್ದರು. ಮೂವರೂ ಜೊತೆಯಾಗಿ ಹೋದೆವು. ಅಕ್ಕ ನನಗಿಂತ ಜಾಣೆ. ನಮ್ಮಿಬ್ಬರ ನಡುವಿನ ವ್ಯತ್ಯಾಸ ಬುದ್ಧಿಯದಲ್ಲ. ಒಂದು ಮೈಲಿಯಷ್ಟು ಕಬ್ಬಿನ ದಾರಿಯದು. ಅವಳ ಉಪಾಧ್ಯಾಯರು ಆ ದಾರಿಯನ್ನು ನಕ್ಷೆಯಲ್ಲಿ ಗುರುತಿಸಿ ನೋಡಿದ್ದರೆ ಜೊತೆ ಹುಡುಕಿಕೊಡುವ ಏರ್ಪಾಟನ್ನಾದರೂ ಮಾಡುತ್ತಿದ್ದರೋ ಏನೋ ಎಂದು ಈಗಲೂ ನನಗನ್ನಿಸುತ್ತದೆ.

ನಮ್ಮ ದೇಶದಲ್ಲಿ ಇಂಥ ಪ್ರಯತ್ನ ನಡೆದೇ ಇಲ್ಲವೆಂದಲ್ಲ. ರಾಜಸ್ಥಾನದಲ್ಲಿ 1992ರಲ್ಲಿ ಆರಂಭವಾದ ‘ಲೋಕ ಜುಂಬಿಶ್’ ಯೋಜನೆಯಲ್ಲಿ ಹಳ್ಳಿಯವರೇ ಸೇರಿ ತಮ್ಮ ಊರಿನ ಪ್ರತಿಯೊಂದು ಮನೆಯನ್ನೂ ನಕ್ಷೆಯಲ್ಲಿ ಗುರುತಿಸಿ, ಯಾವ ಮನೆಯ ಎಷ್ಟು ಮಕ್ಕಳು ಶಾಲೆಗೆ ಹೋಗುತ್ತಾರೆ, ಎಷ್ಟು ಮಕ್ಕಳು ಹೋಗುವುದಿಲ್ಲ ಎಂಬುದನ್ನು ಚಿಹ್ನೆಗಳಿಂದ ತೋರಿಸುತ್ತಿದ್ದರು. ಆ ನಕ್ಷೆಯನ್ನು ಮುಂದಿಟ್ಟುಕೊಂಡು ಶಾಲೆ ಎಲ್ಲಿ ಬೇಕೆಂದು ಚರ್ಚಿಸುತ್ತಿದ್ದರು. ಗ್ರಾಮಸ್ಥರೇ ನೆಲದ ಮೇಲೆ ರಂಗೋಲಿ ಪುಡಿ, ಕಲ್ಲು, ಕಾಳುಗಳಿಂದ ನಕ್ಷೆ ಬಿಡಿಸುವ ಕ್ರಮವನ್ನು ಭಾರತದಲ್ಲಿ ಮೊದಮೊದಲು ಬಳಕೆಗೆ ತಂದ ಸಂಸ್ಥೆಗಳಲ್ಲಿ ನಮ್ಮ ಬೆಂಗಳೂರಿನ ಮೈರಾಡ ಒಂದು. ಅಕ್ಷರ ಬಾರದವರೂ ಬರೆಯಬಲ್ಲ, ಓದಬಲ್ಲ ಗ್ರಂಥ ಅದು.

ನಾಲ್ಕು ಅಭ್ಯಾಸಗಳು

ಉಪಾಧ್ಯಾಯ ಶಿಕ್ಷಣದ 2014ರ ನಿಯಮಗಳಂತೆ ಎರಡು ವರ್ಷದ ಬಿ.ಎಡ್. ಶಿಕ್ಷಣದಲ್ಲಿ 20 ವಾರಗಳನ್ನು ಶಾಲೆಯೊಂದಿಗಿನ ಕೆಲಸಕ್ಕೆ ಮೀಸಲಿಡಲಾಯಿತು. ಅಂಥ ಅವಧಿಯಲ್ಲಿ ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ನಾಲ್ಕು ಅಭ್ಯಾಸಗಳನ್ನು ಇಲ್ಲಿ ಸೂಚಿಸುತ್ತೇನೆ.

ಮೊದಲನೆಯದು ನೆನಪಿನ ನಕ್ಷೆ. ಪ್ರತಿಯೊಬ್ಬ ಶಿಕ್ಷಣಾರ್ಥಿಯೂ ತನ್ನ ಊರನ್ನು ನೆನಪಿನಿಂದ ಬರೆಯಲಿ. ಅನಂತರ ಎಲ್ಲ ನಕ್ಷೆಗಳನ್ನೂ ಗೋಡೆಗೆ ಅಂಟಿಸಿ ಒಂದೇ ಪ್ರಶ್ನೆಯನ್ನು ಕೇಳಬೇಕು: ಏನು ಬಿಟ್ಟುಹೋಗಿದೆ? ಊರ ನಡುವೆ ಹುಟ್ಟಿದವರು ಕೇರಿಯನ್ನು ಬಿಟ್ಟಿರುತ್ತಾರೆ. ಗಂಡಸರು ನೀರಿನ ತಾಣವನ್ನು ಬಿಟ್ಟಿರುತ್ತಾರೆ. ನನ್ನಂಥವರು ತಮ್ಮನ್ನೇ ಬಿಟ್ಟುಕೊಂಡಿರುತ್ತಾರೆ. ಇದರಿಂದ ಯಾರನ್ನೂ ನಾಚಿಸಬಾರದು. ನಾವು ಕಲಿತುಬಂದ ನೋಟ ಯಾವುದೆಂದು ತಿಳಿದರೆ ಸಾಕು.

ಎರಡನೆಯದು ಹೆಜ್ಜೆಯ ನಕ್ಷೆ. ಟೇಪಿನಿಂದ 100 ಮೀಟರು ಅಳೆದು, ಅದನ್ನು ಎಷ್ಟು ಹೆಜ್ಜೆಯಲ್ಲಿ ನಡೆಯುತ್ತೇವೆಂದು ಎಣಿಸಿಕೊಂಡರೆ ನಮ್ಮ ಕಾಲೇ ಅಳತೆಗೋಲಾಗುತ್ತದೆ. ಆಮೇಲೆ ಶಾಲೆಯಿಂದ ಒಬ್ಬ ವಿದ್ಯಾರ್ಥಿಯ ಮನೆಯವರೆಗೆ, ಆ ಮಗುವಿನೊಡನೆ, ಮಗು ಬರುವ ದಾರಿಯಲ್ಲಿಯೇ ನಡೆದು ಹೋಗಬೇಕು. 1 ಸೆಂಟಿಮೀಟರಿಗೆ 50 ಮೀಟರಿನಂತೆ ದಾರಿಯನ್ನು ಬರೆದು, ಹಳ್ಳ, ಹೆದ್ದಾರಿ, ನಾಯಿಗಳ ಕಾಟ, ಹೆಂಡದಂಗಡಿ, ದೀಪವಿಲ್ಲದ ತಿರುವು ಇವನ್ನು ಗುರುತಿಸಬೇಕು. ಒಂದು ಸಾರಿ ಆ ದಾರಿ ನಡೆದ ಉಪಾಧ್ಯಾಯರು ತಡವಾಗಿ ಬಂದ ಮಗುವನ್ನು ಹೊರಗೆ ನಿಲ್ಲಿಸುವ ಮುಂಚೆ ಸ್ವಲ್ಪ ಯೋಚಿಸುವರು.

ಮೂರನೆಯದು ಹೊತ್ತಿನ ನಕ್ಷೆ. ದೂರವನ್ನು ಮೀಟರಿನ ಬದಲು ನಿಮಿಷಗಳಲ್ಲಿ ಬರೆಯುವುದು. ಶಾಲೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಆಸ್ಪತ್ರೆ, ಬ್ಯಾಂಕು ಇವುಗಳಿಗೆ ಮಗು, ಮುದುಕಿ, ಬಸುರಿ ಹೆಂಗಸು, ಬೈಕಿರುವ ಯುವಕ ಇವರು ತಲುಪಲು ಹಿಡಿಯುವ ಹೊತ್ತನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸಿದರೆ ಒಂದೇ ಊರು ನಾಲ್ಕು ಊರಾಗಿ ಕಾಣುತ್ತದೆ. 2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಆರಂಭವಾಯಿತು. ಅದರಿಂದ ಎಷ್ಟೋ ಹುಡುಗಿಯರಿಗೆ ಉಪಕಾರವಾಗಿದೆ. ಆದರೆ ಬಸ್ಸೇ ಬಾರದ ಊರಿನಲ್ಲಿ ಉಚಿತ ಟಿಕೆಟಿಗೆ ಬೆಲೆಯಿಲ್ಲ. ಇದು ಹೊತ್ತಿನ ನಕ್ಷೆಯಲ್ಲಿ ಮಾತ್ರ ಕಾಣುವ ಸಂಗತಿ.

ನಾಲ್ಕನೆಯದು ಸರಕಾರೀ ನಕ್ಷೆಯೊಡನೆ ಹೋಲಿಕೆ. ಗ್ರಾಮ ಆಡಳಿತಾಧಿಕಾರಿಗಳ ಬಳಿ ದೊರೆಯುವ ಊರ ನಕ್ಷೆ ಸಾಮಾನ್ಯವಾಗಿ 1:7920ರ ಪ್ರಮಾಣದ್ದು. ಅಂದರೆ ಮೈಲಿಗೆ 8 ಅಂಗುಲ. ಅದರಲ್ಲಿ ಹೊಲಗಳ ಸರ್ವೆ ನಂಬರುಗಳೆಲ್ಲ ಇರುತ್ತವೆ; ಜನ ವಾಸಿಸುವ ಗ್ರಾಮಠಾಣ ಮಾತ್ರ ಒಂದು ತುಂಡಾಗಿ ಕಾಣುತ್ತದೆ. ಕಂದಾಯ ಬರುತ್ತಿದ್ದುದು ಹೊಲದಿಂದಲ್ಲವೆ? ಹಣ ಬರುವ ಜಾಗವನ್ನು ಅಳೆದರು. ಜನರಿರುವ ಜಾಗವನ್ನು ಬಿಟ್ಟರು. ಮನೆಗಳ ಜಾಗವನ್ನೂ ಡ್ರೋನಿನಿಂದ ಅಳೆಯುವ ‘ಸ್ವಾಮಿತ್ವ’ ಯೋಜನೆ ಆರಂಭವಾದದ್ದು 2020ರಲ್ಲಿ. ಸರ್ವೆ ಇಲಾಖೆಯ 1:50,000ರ ಭೂಪಟದಲ್ಲಿಯಂತೂ 500 ಮೀಟರು 1 ಸೆಂಟಿಮೀಟರಿನಲ್ಲಿ ಮುಗಿಯುತ್ತದೆ. ಪ್ರತಿಯೊಂದು ನಕ್ಷೆಗೂ ಒಂದು ಉದ್ದೇಶವಿದೆ, ಉದ್ದೇಶಕ್ಕೆ ಬೇಡವಾದುದು ಅದರಲ್ಲಿ ಇರುವುದಿಲ್ಲ ಎಂಬುದನ್ನು ಶಿಕ್ಷಣಾರ್ಥಿಗಳು ಹೀಗೆ ಕೈಯಾರೆ ಕಲಿಯಬಹುದು.

ಕೆಲವು ಎಚ್ಚರಿಕೆಗಳು

ಈ ಕೆಲಸದಲ್ಲಿ ಅಪಾಯಗಳೂ ಉಂಟು. ಮನೆಮನೆಗೂ ಜಾತಿಯ ಹೆಸರು ಬರೆದ ನಕ್ಷೆಯನ್ನು ತರಗತಿಯ ಗೋಡೆಗೆ ಹಾಕಿದರೆ ಅದು ಕೆಂಪು ಗೆರೆಯ ನಕ್ಷೆಯ ತಮ್ಮನಾದೀತು. ದೀಪ, ನೀರು, ದಾರಿಗಳನ್ನು ಗುರುತಿಸಿದರೆ ಸಾಕು. ಅವು ಎಲ್ಲಿ ನಿಂತುಹೋಗುತ್ತವೆಂಬುದೇ ಉಳಿದದ್ದನ್ನು ಹೇಳುತ್ತದೆ. ಒಂಟಿ ಹೆಂಗಸಿನ ಮನೆ, ರೋಗಿಯ ಮನೆ ಎಂದು ಬರೆಯಕೂಡದು. ಪೆನ್ಸಿಲು ಯಾರ ಕೈಯಲ್ಲಿದೆಯೆಂಬುದನ್ನೂ ಗಮನಿಸಬೇಕು; ಗುಂಪಿನಲ್ಲಿ ಮಾತುಗಾರನೊಬ್ಬನೇ ಬರೆದರೆ ಅದು ಅವನ ಊರು ಮಾತ್ರ. ಕಡೆಯದಾಗಿ, ಬರೆದ ನಕ್ಷೆಯನ್ನು ಪರೀಕ್ಷಕರಿಗೆ ತೋರಿಸಿ ಬೀರುವಿನಲ್ಲಿಟ್ಟರೆ ಊರವರಿಗೆ ಮೋಸಮಾಡಿದಂತೆ. ಅದರ ಒಂದು ಪ್ರತಿ ಊರಿಗೆ ಹೋಗಬೇಕು.

ಶಾಲೆಗೆ ರಾಜಕೀಯವನ್ನು ತರುವುದು ಸರಿಯೆ ಎಂದು ನನ್ನ ಸ್ನೇಹಿತೆಯೊಬ್ಬಳು ಕೇಳಿದಳು. ಯಾವ ಪಕ್ಷಕ್ಕೆ ಮತ ಕೊಡಬೇಕೆಂದು ಹೇಳುವುದು ರಾಜಕೀಯ. ದೀಪದ ಕಂಬಗಳನ್ನು ಎಣಿಸುವುದು ಗಣಿತ. ಎಣಿಕೆಯಿಂದ ಪ್ರಶ್ನೆ ಹುಟ್ಟಿದರೆ ಅದು ವಿದ್ಯೆ. ಎಣಿಸಬೇಡವೆನ್ನುವುದೂ ಒಂದು ರಾಜಕೀಯವೇ ಅಲ್ಲವೆ?

ಎರಡನೆಯ ನಕ್ಷೆ

ಬೇಸಿಗೆಯ ರಜೆಯಲ್ಲಿ ನಾನು ನನ್ನ ತಮ್ಮನನ್ನೂ ಕೇರಿಯ ಕೆಲವು ಮಕ್ಕಳನ್ನೂ ಕರೆದುಕೊಂಡು ನಮ್ಮ ಊರನ್ನು ಎರಡನೆಯ ಸಲ ಬರೆದೆ. ಮಕ್ಕಳು ಗಟ್ಟಿಯಾಗಿ ಹೆಜ್ಜೆಗಳನ್ನು ಎಣಿಸುತ್ತ ಬೀದಿಯಲ್ಲಿ ನಡೆಯುವುದನ್ನು ಕಂಡು ಊರವರು ನಕ್ಕರು. ಅವ್ವ ಸೊಂಟದ ಮೇಲೆ ಬಿಂದಿಗೆಯಿಟ್ಟುಕೊಂಡು ನಿಂತು, “ನಡುದು ನಡುದು ಕಾಲ್ಗೆ ಗೊತ್ತಿರದ್ನ ಕಾಗ್ದುಕ್ಕೆ ಯಾಕವ್ವ ಹೇಳ್ತಿಯೆ?” ಎಂದಳು. ನನಗೆ ಆಗ ಉತ್ತರ ತೋಚಲಿಲ್ಲ.

ನಮ್ಮ ಕೇರಿಯಲ್ಲಿ ಮನೆಮನೆಗೂ ನಲ್ಲಿಯಿದೆ. ಆದುದರಿಂದ ಮೊದಲು ಎಲ್ಲ ಮನೆಗಳಿಗೂ ನೀಲಿ ಚುಕ್ಕೆಯನ್ನಿಟ್ಟೆವು. ನಕ್ಷೆ ನೋಡಿದರೆ ಊರಿಗೂ ಕೇರಿಗೂ ಏನೂ ಭೇದವಿಲ್ಲ. ಆಗ ಒಬ್ಬ ಸಣ್ಣ ಹುಡುಗ, “ಅಕ್ಕ, ನಮ್ ನಲ್ಲೀಲಿ ನೀರ್ ಬರಾದೆ ಇಲ್ವಲ್ಲ” ಎಂದ. ನೀರುಗಂಟಿ ಬಿಟ್ಟ ನೀರು ಊರೊಳಗಿನ ಮನೆಗಳನ್ನು ತುಂಬಿಸಿ ಕೊಳವೆಯ ಕೊನೆಗೆ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಮರುದಿನ ಗಡಿಯಾರ ಹಿಡಿದು ಯಾವ ಮನೆಗೆ ಎಷ್ಟು ನಿಮಿಷ ನೀರು ಬಂದಿತೆಂದು ಬರೆದೆವು. ನೀಲಿ ಚುಕ್ಕೆಗಳು ಊರಿನಿಂದ ಕೇರಿಯ ಕಡೆಗೆ ಬರಬರುತ್ತ ಸಣ್ಣದಾಗಿ, ಕಡೆಯ ಸಾಲಿನಲ್ಲಿ ಇಲ್ಲವೇ ಆದವು. ಅವ್ವನ ಬಿಂದಿಗೆ ಆ ಕಡೆಯ ಸಾಲಿನದು.

ಈ ನಕ್ಷೆಯನ್ನು ಗ್ರಾಮಸಭೆಯ ದಿನ ತೆಗೆದುಕೊಂಡು ಹೋದೆ. ಕೈ ನಡುಗುತ್ತಿತ್ತು. ಒಬ್ಬ ಹಿರಿಯರು ಬಹಳ ಹೊತ್ತು ನೋಡಿ, “ಡೈರಿ ಇರದು ಈ ಕಡೆಗಲ್ಲ ಕಣವ್ವ, ಆ ಕಡೆಗೆ” ಎಂದು ತಿದ್ದಿದರು. ಮತ್ತೊಬ್ಬರು ಬಂದು ಬಗ್ಗಿ ನೋಡಿದರು. ಡೈರಿಯ ಮಾತು ಮುಗಿದ ಮೇಲೆ ನೀಲಿ ಚುಕ್ಕೆ ಏನೆಂದು ಕೇಳಿದರು. ಹೇಳಿದೆ. ಕೆಲವರು ಸುಮ್ಮನಾದರು, ಒಬ್ಬರು ಇದೆಲ್ಲ ಕಾಲೇಜಿನ ಹುಡುಗಾಟವೆಂದರು. ಆ ತಿಂಗಳು ಕೇರಿಯ ತಿರುವಿನ ಕಂಬಕ್ಕೆ ಬಲ್ಬು ಬಂದಿತು. ನೀರಿನ ವಿಚಾರ ನಡವಳಿ ಪುಸ್ತಕದಲ್ಲಿ ಒಂದು ಸಾಲಾಗಿ ಕೂತಿದೆ. ಕೊಳವೆಯಲ್ಲಿ ಇನ್ನೂ ಬಂದಿಲ್ಲ.

ಆದುದರಿಂದ ನಕ್ಷೆ ಬರೆದ ಮಾತ್ರಕ್ಕೆ ನ್ಯಾಯ ದೊರಕುತ್ತದೆಂದು ನಾನು ಹೇಳಲಾರೆ. ಆದರೆ ಅವ್ವನ ಪ್ರಶ್ನೆಗೆ ಈಗ ನನ್ನ ಬಳಿ ಉತ್ತರವಿದೆ. ಕಾಲಿಗೆ ಗೊತ್ತಿರುವುದು ಕಾಲಿನವರಿಗೆ ಮಾತ್ರ ಗೊತ್ತು. ಕಾಗದಕ್ಕೆ ಹೇಳಿದರೆ ಆ ದಾರಿ ನಡೆಯದವರಿಗೂ ಗೊತ್ತಾಗುತ್ತದೆ, ಗೊತ್ತಿರಲಿಲ್ಲವೆಂದು ಹೇಳುವ ಅವಕಾಶ ಅವರಿಗೆ ತಪ್ಪುತ್ತದೆ.

ಮುಂದಿನ ವರ್ಷ ನಮ್ಮಲ್ಲಿ ಅನೇಕರು ಉಪಾಧ್ಯಾಯ ಶಿಕ್ಷಣಕ್ಕೆ ಹೋಗುವರು. ಅಲ್ಲಿ ನಮಗೆ ಪಾಠಯೋಜನೆಯನ್ನು ಬರೆಯಲು ಕಲಿಸುತ್ತಾರೆ, ಅದು ಅಗತ್ಯವೇ. ಅದರೊಡನೆ, ನಾವು ಪಾಠ ಹೇಳುವ ಮಕ್ಕಳು ಯಾವ ದಾರಿಯಲ್ಲಿ ನಡೆದು ಬಂದರೆಂಬ ನಕ್ಷೆಯನ್ನೂ ಬರೆಯೋಣ. ಅಧ್ಯಾಪಕರಾದ ಹಿರಿಯರು ಇದರಲ್ಲಿ ದೋಷಗಳಿದ್ದರೆ ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ. ನನ್ನ ಎರಡನೆಯ ನಕ್ಷೆಯಲ್ಲಿ ನಮ್ಮ ಮನೆ ಕೇರಿಯ ಕಡೆಯ ಸಾಲಿನಲ್ಲಿ ಎಡಗಡೆಯಿಂದ ಮೂರನೆಯದು.